ಮಲಗೆತ್ತಿನ ಕಣಿವೆಗೆ ಆ ಹೆಸರು ಬಂದದ್ದು

ಬೆಟ್ಟ ನೋಡಬೇಕೆಂದರೆ ಜನ ತುದಿಯವರೆಗೂ ಕಾರು ಹೋಗುವ ಕಡೆಗೇ ಓಡುತ್ತಾರೆ. ಹೋಗಲಿ ಬಿಡಿ, ಅವರ ನಸೀಬು! ನಮ್ಮ ಕರಡಿಹಟ್ಟಿಯ ಏರಿನಲ್ಲಿ ಎಡಕ್ಕೆ ನೋಡಿದರೆ ಮೂಡಣ ಕೋಟೆ, ಬಲಕ್ಕೆ ನೋಡಿದರೆ ಪಡುವಣ ಕೋಟೆ. ಗುಂಡು ಬಿದ್ದು ಬಾಯಿಬಿಟ್ಟ ಬುರುಜು, ಅರ್ಧ ಸುಟ್ಟು ನಿಂತ ಕಲ್ಲುಗೋಡೆ, ಹಾರೆ ಹಾಕಿದಲ್ಲೆಲ್ಲ ಸೀಸದ ಗುಂಡು. ಇಷ್ಟು ಗಾಯ ಉಂಡ ಬೆಟ್ಟಸಾಲು ಸುತ್ತಣ ಏಳು ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಆ ಎರಡು ಕೋಟೆಗಳ ನಡುವೆ, ಎದುರು ಬಂದವನಿಗೆ ಮೈ ತಿರುಗಿಸಿ ದಾರಿ ಬಿಡಬೇಕಾದಷ್ಟು ಇಕ್ಕಟ್ಟಾದ ಜಾಗವೇ ಮಲಗೆತ್ತಿನ ಕಣಿವೆ.

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ, ಈ ಎರಡು ಕೋಟೆಯವರೂ ಕಣಿವೆ ತಮ್ಮದೆಂದು ಹಟ ಹಿಡಿದು ದಾರಿ ಮುಚ್ಚಿದರಂತೆ. ಮೇಲಿನ ಕರಡಿಹಟ್ಟಿಗೆ ಕಾಳು ಹೋಗದೆ ಹನ್ನೆರಡು ದಿನವಾಗಿತ್ತು. ಜನ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು. ಅಲ್ಲಿ ಹೊನ್ನವ್ವ ಎಂಬ ಹಸಿಬಾಣಂತಿಗೆ ಎದೆಹಾಲು ಬತ್ತಿ, ಕೂಸಿನ ಅಳುವೂ ಸಣ್ಣಗಾಗಿತ್ತು. ಅವಳ ಅಣ್ಣ ಮಾಕಣ್ಣ ಬಯಲುಸೀಮೆಯಲ್ಲಿ ಹೇರಿನವನು, ಎಂದರೆ ಎತ್ತುಗಳ ಬೆನ್ನ ಮೇಲೆ ಚೀಲ ಹೇರಿ ಊರೂರಿಗೆ ಸಾಗಿಸುವವನು. ಸುದ್ದಿ ಕೇಳಿದವನೇ ನಲವತ್ತು ಎತ್ತಿನ ಮೇಲೆ ಎಂಬತ್ತು ಚೀಲ ರಾಗಿ ಹೇರಿಕೊಂಡು, ಸೀದಾ ಎರಡು ದಂಡಿನ ನಡುವೆ ನುಗ್ಗಿಬಿಟ್ಟ ಎನ್ನುತ್ತಾರೆ. ಗಂಡು ಅಂದರೆ ಅವನು!

ಮುಂಜಾವಿನ ಮಂಜು ಇನ್ನೂ ದಟ್ಟವಾಗಿತ್ತು. ಸದ್ದಾಗಬಾರದೆಂದು ಮುಂದಾಳು ಎತ್ತು ಕೆಂದನ ಕೊರಳ ಗಂಟೆಗೆ ಮಾಕಣ್ಣ ಹುಲ್ಲು ತುರುಕಿದ್ದ. ಸರಿಯಾಗಿ ಕಣಿವೆಯ ನಡುವೆ ಹುಲ್ಲು ಜಾರಿ ಗಂಟೆ ಠಣ್ ಎಂದಿತು. ಮಾಕಣ್ಣ ಗಾಬರಿಯಲ್ಲಿ ಗಂಟೆಯನ್ನೇ ಬಿಚ್ಚಿಬಿಟ್ಟ. ಹುಟ್ಟು ಹೇರಿನವನು ಕನಸಿನಲ್ಲೂ ಮಾಡಬಾರದ ತಪ್ಪು ಅದು. ತಂಗುವ ಜಾಗ ಬಂದಾಗಲೇ ಮುಂದಾಳಿನ ಗಂಟೆ ಬಿಚ್ಚುವುದು ಅವರ ಪದ್ಧತಿ. ಗಂಟೆ ಬಿಚ್ಚಿದರೆ ಇವತ್ತಿನ ನಡೆ ಮುಗಿಯಿತು ಎಂದು ಎತ್ತುಗಳಿಗೆ ಗೊತ್ತು. ಕೆಂದ ಒಂದು ಸಲ ಉಸಿರು ಬಿಟ್ಟು ಹೇರಿನ ಸಮೇತ ಮಲಗಿಯೇಬಿಟ್ಟ. ಅವನ ಹಿಂದೆ ಉಳಿದ ಮೂವತ್ತೊಂಬತ್ತೂ ಸಾಲಾಗಿ ಮಲಗಿದವು!

ಮಂಜು ಸರಿದಾಗ ಎರಡೂ ಕೋಟೆಯ ಕೋವಿಗಳು ಕೆಳಗೆ ನೋಡುತ್ತಿದ್ದವು. ಮಲಗಿದ ಬಸವನಿಗೆ ಗುಂಡು ಹೊಡೆಯುವ ಪಾಪ ಯಾರಿಗೂ ಬೇಡ. ರಾಗಿ ದೋಚೋಣವೆಂದು ಒಬ್ಬರು ಇಳಿದರೆ ಇನ್ನೊಬ್ಬರು ಗುಂಡು ಹಾರಿಸುತ್ತಾರೆ. ದಾರಿ ತುಂಬ ಎತ್ತುಗಳಿದ್ದರೆ ಯುದ್ಧ ಮಾಡುವುದಾದರೂ ಎಲ್ಲಿ?

“ಎಬ್ಬಿಸ್ಲಾ ನಿನ್ನ ದಂಡ!” ಎಂದು ಮೂಡಣ ದಳವಾಯಿ ಗುಡುಗಿದ.

ಆಚೆಯಿಂದ ಪಡುವಣದ ಸಿಪಾಯಿಯೊಬ್ಬ, “ನೋಡ್ರಲೇ, ಅವರ ಮಾತು ಎತ್ತೂ ಕೇಳಕಿಲ್ಲ!” ಎಂದು ಕೂಗಿದ. ಎರಡೂ ಕಡೆ ನಗೆ ಎದ್ದಿತು.

ಗಂಟೆ ಕಟ್ಟಿದರೆ ಎತ್ತು ಏಳುತ್ತವೆಂದು ಮಾಕಣ್ಣನಿಗೆ ಗೊತ್ತು. ಎದ್ದರೆ ಗುಂಡು ಹಾರುತ್ತದೆಂದೂ ಗೊತ್ತು. ಗಂಟೆಯನ್ನು ಕಂಬಳಿಯೊಳಗೆ ಅವುಚಿಕೊಂಡು ಕೈಮುಗಿದ. “ಏನ್ ಮಾಡ್ಲಿ ಬುದ್ಧಿ, ಇವನದು ಕೆಟ್ಟ ಹಟ. ಹೇರು ಇಳಿಸಿ ಹಟ್ಟಿಗೆ ಮುಟ್ಟಿಸಿದ್ರೆ ಎದ್ದಾನು. ಇಲ್ದಿದ್ರೆ ಮೂರು ದಿನ ಇಲ್ಲೇ.”

ದಳವಾಯಿಗಳಿಬ್ಬರೂ ಮೊದಲ ಸಲ ಮುಖಾಮುಖಿ ಮಾತಾಡಿದ್ದು ಆವತ್ತೇ ಎನ್ನುತ್ತಾರೆ. ಯುದ್ಧಕ್ಕೆ ಜಾಗ ತೆರವಾಗಬೇಕಲ್ಲ! ನಲವತ್ತು ಚೀಲ ಇವರು, ನಲವತ್ತು ಚೀಲ ಅವರು ಎಂದು ಒಪ್ಪಂದವಾಯಿತು. ಹೆಗಲಿಗೆ ಚೀಲ ಬಂದಮೇಲೆ ಕೋವಿ ಹಿಡಿಯಲು ಕೈಯೆಲ್ಲಿ? ಕೋವಿ ಕೆಳಗಿಟ್ಟು, ಒಬ್ಬರ ಹಿಂದೊಬ್ಬರು ಏದುಸಿರು ಬಿಡುತ್ತಾ ಹತ್ತಿದರು. ಹಟ್ಟಿಯಲ್ಲಿ ಬೀಸುವ ಕಲ್ಲುಗಳು ಒಟ್ಟಿಗೆ ಗುಡುಗಿದವು. ಬಾಣಂತಿಗೆ ಮೊದಲ ಗಂಜಿ ಕುಡಿಸಿದ ಮೇಲೆ, ಹೊತ್ತು ತಂದವರನ್ನೂ ಸಾಲಾಗಿ ಕೂರಿಸಿ ಬಿಸಿ ಮುದ್ದೆ ಬಡಿಸಿದರು. ಮೂಡಣದವನು ಯಾರು, ಪಡುವಣದವನು ಯಾರು ಎಂದು ಬಡಿಸುವವರೂ ಕೇಳಲಿಲ್ಲ.

ಇಳಿದು ಬಂದು ಮಾಕಣ್ಣ ಗಂಟೆ ಕಟ್ಟಿದ. ಠಣ್ ಎಂದದ್ದೇ ತಡ, ಕೆಂದ ಕೊಡವಿಕೊಂಡು ಎದ್ದ. ಮೋಸ ಎಲ್ಲರಿಗೂ ಹೊಳೆಯಿತು. ಮೂಡಣ ದಳವಾಯಿಯ ಕೈ ಕತ್ತಿಗೆ ಹೋಯಿತು. ಆದರೆ ಅವನ ಬಾಯಿಂದ ಬಂದದ್ದು ಬೈಗುಳವಲ್ಲ, ತೇಗು! ಇಡೀ ಕಣಿವೆ ಬಿದ್ದು ಬಿದ್ದು ನಕ್ಕಿತು. ಆಮೇಲೆಯೂ ಕೋಟೆಯವರು ಬೇರೆ ಬಯಲುಗಳಲ್ಲಿ ಬಡಿದಾಡಿದರು, ಸತ್ತರು. ಎರಡೂ ಕೋಟೆ ಬಿದ್ದವು. ಈ ದಾರಿಯನ್ನು ಮಾತ್ರ ಮತ್ತೆ ಯಾರೂ ಮುಚ್ಚಲಿಲ್ಲ. ಆ ಕೂಸು ಬದುಕಿತು. ನಮ್ಮ ಮನೆತನದ ಮೂಲಪುರುಷ ಅವನೇ. ಇಲ್ಲದಿದ್ದರೆ ಇದನ್ನು ಬರೆಯಲು ನಾನೆಲ್ಲಿರುತ್ತಿದ್ದೆ?

ಇಂದಿಗೂ ಕಣಿವೆಯಲ್ಲಿ ಮಲಗಿದ ಎತ್ತಿನಂಥ ಬಂಡೆಗಳು ಸಾಲಾಗಿವೆ. ಕೆಲವರು ಮೂವತ್ತೇಳು ಎಂದು ಎಣಿಸುತ್ತಾರೆ. ನಾವು ಬಿಡುವುದಿಲ್ಲ, ಮತ್ತೆ ಎಣಿಸುತ್ತೇವೆ. ಏರಿನ ಬುಡದಲ್ಲಿ ಹಟ್ಟಿಗೆ ಸೇರಬೇಕಾದ ಅಕ್ಕಿ, ಬೇಳೆ, ಔಷಧಿಯ ಪುಟ್ಟ ಪುಟ್ಟ ಗಂಟುಗಳಿರುತ್ತವೆ. ನೋಡಲು ಬಂದವರು ಯಾರೇ ಆಗಲಿ, ಒಂದು ಗಂಟನ್ನು ಹೊತ್ತೇ ಹತ್ತಬೇಕು. ಮೊನ್ನೆ ಬಂದ ಸಾಹೇಬರೊಬ್ಬರು, “ನಾನು ಹೊರೋದಾ?” ಎಂದು ಮುಖ ಸಿಂಡರಿಸಿದರು. ನಮ್ಮಜ್ಜಿ ಬೇಳೆಗಂಟನ್ನು ಅವರ ಹೆಗಲಿಗೇರಿಸಿ, “ಕೋವಿ ಕೆಳಗಿಟ್ಟು ಹೊತ್ತವ್ರೆ ಕಣಪ್ಪ ಇಲ್ಲಿ. ನಿನ್ ಕೈಯಾಗೆ ಇರೋದು ಫೋನು. ಜೇಬಿಗಾಕ್ಕೊ, ನಡಿ” ಎಂದಳು.