ಮುಹೂರ್ತ ಬಾರದ ಗಂಟೆ

"ಗುರುಗಳೇ, ನಾನು ಕಟ್ಟಿದ ಪದಗಳನ್ನು ನನ್ನಲ್ಲೇ ಇಟ್ಟುಕೊಂಡರೆ ಯಾರಿಗೆ ನಷ್ಟ?"

ಹೀಗೆ ಕೇಳಿದ ಶಿಷ್ಯನ ಹೆಸರು ಸೋಮಲಿಂಗ. ಮರುದಿನ ಮಠದಲ್ಲಿ ಊರೂರಿನ ಹಾಡುಗಾರರು ಸೇರುವವರಿದ್ದರು. ಅವನೂ ಹಾಡಬೇಕೆಂದು ಗುರುಗಳ ಅಪ್ಪಣೆಯಾಗಿತ್ತು. ಪದ ಕಟ್ಟುವಾಗ ಇದ್ದ ಹುಮ್ಮಸ್ಸು ಹಾಡುವ ದಿನ ಹತ್ತಿರ ಬಂದಂತೆ ಇಂಗಿಹೋಗಿತ್ತು. ತಪ್ಪು ಹುಡುಕಲೆಂದೇ ಬರುವವರ ಮುಂದೆ ಬಾಯಿ ತೆರೆಯುವುದನ್ನು ನೆನೆದರೆ ಅವನಿಗೆ ಜೀವ ಹೋದಂತಾಗುತ್ತಿತ್ತು. ಈ ವರ್ಷ ಬೇಡ, ಇನ್ನಷ್ಟು ತಿದ್ದಿಕೊಂಡು ಮುಂದಿನ ವರ್ಷ ಹಾಡುತ್ತೇನೆ ಎಂದು ಬೇಡಿಕೊಂಡ.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ದೊಡ್ಡ ಕೆರೆಯಿತ್ತು. ಕೆರೆಯ ಏರಿಯ ಮೇಲೆ ಒಂದು ಗಂಟೆಯಿತ್ತು. ಏರಿ ಒಡೆಯುವ ಸೂಚನೆ ಕಂಡರೆ ಆ ಗಂಟೆ ಬಾರಿಸಬೇಕು, ತಗ್ಗಿನ ಗದ್ದೆಗಳಲ್ಲಿರುವವರು ದಿಬ್ಬ ಹತ್ತಬೇಕು. ಅದರ ಸದ್ದು ಕೇಳಿದರೆ ಆಗತಾನೇ ನಡೆಯಲು ಕಲಿತ ಮಕ್ಕಳೂ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಆ ಗಂಟೆ ಒಡೆದುಹೋಯಿತು. ಊರಿನವರು ಮನೆಮನೆಯಿಂದ ಹಳೆಯ ತಂಬಿಗೆ, ತಟ್ಟೆ ತಂದು ಒಬ್ಬ ಕಂಚುಗಾರನಿಗೆ ಒಪ್ಪಿಸಿದರು. ಹೊಸ ಗಂಟೆ ಎರಕ ಹೊಯ್ದುಕೊಡು ಎಂದರು.

ಕಂಚುಗಾರ ಪಳಗಿದ ಕೈಯವನು. ಗಂಟೆ ಹೊಯ್ದ, ಏರಿಯ ಮೇಲೆ ತೂಗುಹಾಕಿದ. ಆ ಊರಿನಲ್ಲಿ ಒಂದು ಪದ್ಧತಿ. ಹೊಸ ಗಂಟೆಯನ್ನು ಮೊದಲ ಸಲ ಬಾರಿಸುವಾಗ ಊರಿಗೆ ಊರೇ ಗದ್ದೆಗಳಲ್ಲಿ ನಿಂತು ಕೇಳಬೇಕು. ಆಮೇಲೆ ಏರಿ ಹತ್ತಿ ಬಂದು, ದನಿ ಹೇಗಿತ್ತೆಂದು ಒಬ್ಬೊಬ್ಬರೂ ಕಂಚುಗಾರನ ಎದುರಿಗೇ ಹೇಳಬೇಕು. ಹಿಂದೊಮ್ಮೆ ಬೇರೊಂದು ಊರಿನ ಮುದುಕ ಇವನ ಗಂಟೆ ಕೇಳಿ, ತಟ್ಟೆ ಬಡಿದ ಹಾಗಿದೆ ಎಂದಿದ್ದ. ಆ ಮಾತು ಇವನಿಗೆ ಇನ್ನೂ ಅರಗಿರಲಿಲ್ಲ. ಹೊಸ ಗಂಟೆಯನ್ನು ತೂಗುಹಾಕುವ ಮೊದಲು ಮನೆಯಲ್ಲಿ ಮೆಲ್ಲಗೆ ತಟ್ಟಿ ನೋಡಿದಾಗ ದನಿಯ ತುದಿಯಲ್ಲಿ ಒಂದು ಸಣ್ಣ ನಡುಕ ಇದ್ದಂತೆ ಅನ್ನಿಸಿತ್ತು. ಇತ್ತೋ, ಇಲ್ಲವೋ. ಅಂತೂ ಗಂಟೆಗೆ ಬಟ್ಟೆ ಸುತ್ತಿ, ಮುಹೂರ್ತ ಕೂಡಿಬಂದಿಲ್ಲ ಎಂದುಬಿಟ್ಟ.

ಊರಗೌಡ ಬಂದು ಕೇಳಿದಾಗ ಆಷಾಢ ಎಂದ. ಮತ್ತೆ ಬಂದಾಗ ಗ್ರಹಣ ಎಂದ. ಆಮೇಲೆ ಧನುರ್ಮಾಸ. ನೆಪಕ್ಕೇನು ಬರವೇ? ಮುಹೂರ್ತದ ಮಾತಾದ್ದರಿಂದ ಊರಿನವರೂ ನಂಬಿ ಸುಮ್ಮನಾದರು.

ಮರುವರ್ಷದ ಮಳೆಗೆ ಕೆರೆ ತುಂಬಿತು. ಒಂದು ಮಧ್ಯಾಹ್ನ ಕಂಚುಗಾರ ಏರಿಯ ಮೇಲೆ ಬರುತ್ತಿದ್ದಾಗ ತೂಬಿನ ಪಕ್ಕದಲ್ಲಿ ಕೆಸರುನೀರು ಚಿಮ್ಮುವುದನ್ನು ಕಂಡ. ಕೆಳಗೆ ಊರಿನ ಹೆಂಗಸರು ನಾಟಿ ಮಾಡುತ್ತಿದ್ದರು. ಅವರಲ್ಲಿ ಅವನ ಮಗಳೂ ಇದ್ದಳು. ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಬಟ್ಟೆಯನ್ನು ಹರಿದೆಸೆದು, ಎರಡೂ ಕೈಯಿಂದ ಗಂಟೆ ಬಾರಿಸಿದ.

ಹೆಂಗಸರು ಸೊಂಟ ನೆಟ್ಟಗೆ ಮಾಡಿ ತಲೆ ಎತ್ತಿದರು. ಓಡಲಿಲ್ಲ. ಕೇಳುತ್ತ ನಿಂತರು. ಅವನು ಬಾರಿಸಿದಷ್ಟು ಹೊತ್ತೂ ನಿಂತೇ ಇದ್ದರು. ಏರಿ ಒಡೆಯಿತು.

ಕತೆ ಮುಗಿಯಿತೆಂದುಕೊಂಡು ಸೋಮಲಿಂಗ ತಲೆ ಎತ್ತಿದ. ಗುರುಗಳು ನಿಲ್ಲಿಸಲಿಲ್ಲ.

ಸಂಜೆ, ಮರದ ಕೊಂಬೆ ಹಿಡಿದು ಉಳಿದಿದ್ದ ನೆರೆಮನೆಯ ಹೆಂಗಸೊಬ್ಬಳನ್ನು ದಡಕ್ಕೆ ತಂದರು. ಕಂಚುಗಾರ ಅವಳ ಮುಂದೆ ಕುಸಿದು ಕುಳಿತು, ಅಷ್ಟು ಬಾರಿಸಿದರೂ ಯಾಕೆ ಓಡಲಿಲ್ಲ ಎಂದು ಕೇಳಿದ.

"ಕೆರೆ ಗಂಟೆಗೆ ಇನ್ನೂ ಮುಹೂರ್ತ ಬಂದಿಲ್ಲ ಅಂದಿದ್ದೆಯಲ್ಲಣ್ಣ," ಎಂದಳು ಅವಳು. "ಯಾವುದೋ ಗುಡೀದು, ಎಷ್ಟು ಚೆನ್ನಾಗಿದೆ ಅಂತ ಕೇಳ್ತಾ ನಿಂತ್ವಿ."

ಗುರುಗಳು ಕತೆ ನಿಲ್ಲಿಸಿದರು. ಇಂಥದ್ದೊಂದು ಉತ್ತರವನ್ನು ಸೋಮಲಿಂಗ ಎದುರುನೋಡಿರಲಿಲ್ಲ. ಆದರೂ ಒಂದು ಸಂಗತಿ ಅವನನ್ನು ಒಳಗೇ ಕೊರೆಯುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟ.

"ಆ ದನಿಯ ತುದಿಯ ನಡುಕ, ಅದು ನಿಜವಾಗಿ ಇತ್ತೇ ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಮಗಳು ಉಳಿದಳೇ ಎಂದು ನೀನು ಕೇಳಲಿಲ್ಲ."