ಉಂಡೆಯಾದ ದುಂಡ

ಮಕ್ಕಳೇ, ಚಿಪ್ಪುಹಂದಿಯನ್ನು ನೀವು ನೋಡಿರಲಾರಿರಿ. ನೋಡಿದ್ದರೂ ಯಾವುದೋ ಕಲ್ಲುಗುಂಡು ಎಂದುಕೊಂಡು ದಾಟಿ ಹೋಗಿರುತ್ತೀರಿ. ಮೈತುಂಬ ಚಿಪ್ಪು, ಉದ್ದ ನಾಲಿಗೆ, ಇರುವೆ ಗೆದ್ದಲುಗಳೇ ಊಟ. ಹೆದರಿಕೆಯಾದರೆ ತಲೆಯನ್ನು ಹೊಟ್ಟೆಗೆ ಹುದುಗಿಸಿ, ಮೇಲೆ ಬಾಲ ಸುತ್ತಿಕೊಂಡು ಉಂಡೆಯಾಗಿಬಿಡುತ್ತದೆ. ಆಮೇಲೆ ಹುಲಿ ಬಂದು ಎಳೆದರೂ ಬಿಚ್ಚುವುದಿಲ್ಲ.

ಕರಿಬಂಡೆ ಕಾಡಿನಲ್ಲಿ, ದೊಡ್ಡದೊಂದು ಹುತ್ತದ ಪಕ್ಕದ ಬಿಲದಲ್ಲಿ ಚಿಪ್ಪಕ್ಕ ಎಂಬ ಚಿಪ್ಪುಹಂದಿ ಇದ್ದಳು. ಅವಳಿಗೆ ಒಬ್ಬನೇ ಮಗ, ದುಂಡ. ಮಗನೆಂದರೆ ಅವಳಿಗೆ ಪ್ರಾಣ. ಮಗನನ್ನು ಹೊಗಳುವುದೆಂದರೆ ಪ್ರಾಣಕ್ಕಿಂತ ಒಂದು ತೂಕ ಹೆಚ್ಚು. ದಾರಿಯಲ್ಲಿ ಮೊಲ ಸಿಗಲಿ, ಮುಂಗುಸಿ ಸಿಗಲಿ, ನಿಲ್ಲಿಸಿಕೊಂಡು ಅವನ ಸುದ್ದಿ ಹೇಳದೆ ಬಿಡುತ್ತಿರಲಿಲ್ಲ.

ದುಂಡ ಹೋಗುತ್ತಿದ್ದುದು ಹೊಂಗೆಮರದ ಶಾಲೆಗೆ. ಅಲ್ಲಿಗೆ ಕಲ್ಲಪ್ಪ ಎಂಬ ಮುದಿ ಆಮೆ ಮೇಷ್ಟ್ರು. ಅವರು ಕಲಿಸುತ್ತಿದ್ದುದು ಅಡಗುವ ವಿದ್ಯೆ. ಬಸವನಹುಳು ಚಿಪ್ಪಿನೊಳಗೆ ಸರಿಯುವುದು, ಸಹಸ್ರಪದಿ ಚಕ್ಕುಲಿಯಂತೆ ಸುತ್ತಿಕೊಳ್ಳುವುದು, ಮುಳ್ಳುಹಂದಿ ಮರಿ ಮುಳ್ಳು ನಿಮಿರಿಸುವುದು, ಎಲ್ಲವೂ ಅಲ್ಲಿನ ಪಾಠವೇ. ಆ ಶಾಲೆಗೊಂದು ಕಟ್ಟಳೆಯಿತ್ತು. ಮನೆಯವರು ಹೊಂಗೆಮರದ ನೆರಳಿನೊಳಗೆ ಕಾಲಿಡಬಾರದು, ಮೇಷ್ಟ್ರು ಯಾರ ಬಿಲದ ಬಾಗಿಲಿಗೂ ಹೋಗಬಾರದು. ಯಾವ ಕಾಲದಲ್ಲಿ ಯಾರು ಮಾಡಿದರೋ, ಇಬ್ಬರಿಗೂ ಅನುಕೂಲವಾಗಿಯೇ ಇತ್ತು.

ಬೇಸಗೆಯ ಒಂದು ಸಂಜೆ ದುಂಡ ತಡವಾಗಿ ಮನೆಗೆ ಬಂದ. ಚಿಪ್ಪಿನ ಸಂದುಗಳಲ್ಲೆಲ್ಲ ಮಣ್ಣು. ಎಲ್ಲಿ ಹೊರಳಾಡಿ ಬಂದೆ ಎಂದು ಚಿಪ್ಪಕ್ಕ ಗದರಿದಳು. ಅವನು ಮೂಲೆಗೆ ಹೋಗಿ ಉಂಡೆಯಾಗಿ ಮಲಗಿದ.

ಅಂದಿನಿಂದ ಅದೇ ಪಾಡು. ಮನೆಗೆ ಬಂದವನೇ ಉಂಡೆ. ಒಳ್ಳೆಯ ಕೆಂಜಿಗ ಇರುವೆಗಳನ್ನೇ ಹುಡುಕಿ ತಂದಿಟ್ಟರೂ ಒಮ್ಮೆ ನಾಲಿಗೆ ಚಾಚಿದರೆ ಚಾಚಿದ, ಇಲ್ಲದಿದ್ದರೆ ಇಲ್ಲ. ಪಾಠ ಹೆಚ್ಚಾಗಿ ದಣಿದಿರಬೇಕು ಎಂದು ಚಿಪ್ಪಕ್ಕ ತನಗೆ ತಾನೇ ಹೇಳಿಕೊಂಡಳು. ಒಳಗೊಳಗೆ ಅಳುಕು ಇರಲಿಲ್ಲವೆಂದಲ್ಲ. ಆದರೆ ಚಿಪ್ಪಕ್ಕನ ಮಗನಿಗೆ ಏನೋ ಆಗಿದೆಯಂತೆ ಎಂದು ಆಡಿಕೊಳ್ಳುವವರಿಗೆ ಕಾಡಿನಲ್ಲಿ ಬರವೆ? ಮೊಲದ ಕಿವಿಗೆ ಬಿದ್ದರೆ ಸಾಕು, ಹೊತ್ತು ಮುಳುಗುವುದರೊಳಗೆ ಆಚೆ ಗುಡ್ಡಕ್ಕೂ ಮುಟ್ಟುತ್ತದೆ. ಮನೆಯ ಗುಟ್ಟು ಮನೆಯಲ್ಲೇ ಇರಲಿ ಎಂದು ಅವಳು ಸುಮ್ಮನಾದಳು.

ಶಾಲೆಯಿಂದ ಬರುತ್ತಿದ್ದುದು ಮಾತ್ರ ಒಳ್ಳೆಯ ಸುದ್ದಿಯೇ. ದುಂಡನಷ್ಟು ಹೊತ್ತು, ಅಷ್ಟು ಬಿಗಿಯಾಗಿ ಉಂಡೆಯಾಗುವವರು ಇಡೀ ಶಾಲೆಯಲ್ಲೇ ಇಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಶಾಲೆಯ ಹಬ್ಬದ ದಿನ ಮೊದಲ ಬಹುಮಾನ ಅವನಿಗೇ ಅಂತೆ. ಸರಿ, ಚಿಪ್ಪಕ್ಕನ ಅಳುಕು ಹಾರಿಹೋಯಿತು. ಅಂದು ಮೊಲ ತಾನಾಗಿ ಸಿಗಲಿಲ್ಲವೆಂದು ಅವಳೇ ಹುಡುಕಿಕೊಂಡು ಹೋಗಿ ಹೇಳಿ ಬಂದಳು.

ಹಬ್ಬದ ದಿನ ಕಾಡಿನವರೆಲ್ಲ ನೆರಳಿನ ಅಂಚಿನಲ್ಲಿ ಕುಳಿತರು. ಕಲ್ಲಪ್ಪ ಮೇಷ್ಟ್ರು ಕತ್ತು ಉದ್ದ ಮಾಡಿ ದುಂಡನನ್ನು ಕರೆದರು. ದುಂಡ ಬಂದ, ಗುಂಪನ್ನು ಒಂದು ಸಲ ನೋಡಿದ, ಉಂಡೆಯಾದ. ಎಲ್ಲರೂ ನೆಲ ತಟ್ಟಿ ಭೇಷ್ ಎಂದರು. ಚಿಪ್ಪಕ್ಕ ಉಬ್ಬಿಹೋದಳು.

"ಸಾಕು ಮರಿ, ಏಳು," ಎಂದರು ಮೇಷ್ಟ್ರು.

ದುಂಡ ಏಳಲಿಲ್ಲ. ಮೊದಲು ಎಲ್ಲರೂ ನಕ್ಕರು. ಬಸವನಹುಳು ಹೊಟ್ಟೆಕಿಚ್ಚಿನಿಂದ ಮುಖ ಸೊಟ್ಟ ಮಾಡಿತು. ಆಮೇಲೆ ನಗು ನಿಂತಿತು. ಮೇಷ್ಟ್ರು ಮತ್ತೆ ಮತ್ತೆ ಕರೆದರು. ಮುಂಗುಸಿ ಆಕಳಿಸಿ ಎದ್ದು ಹೋಯಿತು, ಅದರ ಹಿಂದೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಚಿಪ್ಪಕ್ಕ ಕಟ್ಟಳೆ ಮರೆತು ನೆರಳಿನೊಳಗೆ ಓಡಿದಳು. ಮಗನ ಬಾಲ ಹಿಡಿದು ಎಳೆದಳು. ಅದು ಕಲ್ಲಿನಷ್ಟು ಬಿಗಿ. ಚಿಪ್ಪಿನ ಕೆಳಗೆ ಅವನ ಮೈ ಸಣಕಲಾಗಿ ನಡುಗುತ್ತಿರುವುದು ಅವಳ ಪಂಜಕ್ಕೆ ತಿಳಿಯಿತು.

"ನನ್ನ ಮಗನಿಗೆ ಏನು ಮಾಡಿದ್ರಿ ಮೇಷ್ಟ್ರೇ?"

"ನಾನೇನು ಮಾಡ್ದೆ? ಮನೇಲಿ ನೀವೇನು ಮಾಡಿದ್ರೋ," ಎಂದುಬಿಟ್ಟರು ಮೇಷ್ಟ್ರು.

ಆಡಿದ ಮಾತಿಗೆ ಅವರಿಗೇ ನಾಚಿಕೆಯಾಯಿತು. ನಾಚಿಕೆಯಾದರೆ ಆಮೆ ಏನು ಮಾಡುತ್ತದೆ? ಕತ್ತು ಒಳಗೆಳೆದುಕೊಂಡರು. ಚಿಪ್ಪಕ್ಕನಿಗೆ ಸಿಟ್ಟು, ಭಯ, ಅವಮಾನ ಒಟ್ಟಿಗೆ ಬಂದವು. ಅವಳೂ ಉಂಡೆಯಾದಳು.

ಮೊಮ್ಮಗನನ್ನು ಕರೆದೊಯ್ಯಲು ಉಳಿದುಕೊಂಡಿದ್ದ ಮುಳ್ಳುಹಂದಿ ಅಜ್ಜಿಯ ಕಣ್ಣಿಗೆ ಮರದಡಿಯಲ್ಲಿ ಕಂಡದ್ದು ಮೂರು ಗುಂಡುಕಲ್ಲುಗಳು. ಅವಳು ಮೂರರ ಸುತ್ತಲೂ ಒಂದು ಸುತ್ತು ಬಂದಳು.

"ಚೆನ್ನಾಗಿದೆ ನಿಮ್ಮ ನ್ಯಾಯ. ಹುಡುಗ ಬಾಗಿಲು ಹಾಕ್ಕೊಂಡ ಅಂತ ದೊಡ್ಡವರಿಬ್ರೂ ಬಾಗಿಲು ಹಾಕ್ಕೊಂಡ್ರಾ? ಇನ್ನು ತಟ್ಟೋರು ಯಾರು?"

ಅಷ್ಟು ಹೇಳಿ ಅಜ್ಜಿ ಮುಳ್ಳು ಝಲ್ಲೆನಿಸಿಕೊಂಡು ಮೊಮ್ಮಗನೊಂದಿಗೆ ಹೊರಟುಹೋದಳು.

ಚಿಪ್ಪಕ್ಕನಿಗೆ ಮಾತು ಕೇಳಿಸಿತು, ಅಜ್ಜಿ ಕಾಣಲಿಲ್ಲ. ಉಂಡೆಯೊಳಗೆ ಕತ್ತಲೆ. ಹೊರಗೆ ಯಾರಿದ್ದಾರೆ, ಯಾರು ಹೋದರು, ಒಂದೂ ತಿಳಿಯದು. ತನ್ನ ಎದೆಬಡಿತವೇ ತನ್ನನ್ನು ಹೆದರಿಸುತ್ತದೆ. ಅಯ್ಯೋ, ನನ್ನ ಕಂದ ಇಷ್ಟು ದಿನ ಇಂಥ ಕತ್ತಲೆಯಲ್ಲೇ ಇದ್ದನಲ್ಲ ಎಂದುಕೊಂಡಳು. ಅವಳೇ ಮೊದಲು ಬಿಚ್ಚಿಕೊಂಡಳು. ಆಮೆಯ ಬೆನ್ನನ್ನು ಮೆಲ್ಲಗೆ ತಟ್ಟಿದಳು.

"ಮೇಷ್ಟ್ರೇ, ಅವನು ಮನೇಲಿ ಊಟಾನೇ ಮಾಡ್ತಿಲ್ಲ. ನಿಮ್ಮತ್ರ ಮುಚ್ಚಿಟ್ಟೆ."

ಚಿಪ್ಪಿನೊಳಗಿನಿಂದ ಕತ್ತು ಚೂರೇ ಹೊರಗೆ ಬಂತು. "ಇಲ್ಲಿ ಯಾರ ಜೊತೆಗೂ ಮಾತಾಡ್ತಿಲ್ಲ ತಾಯಿ. ನಾನು ಅದನ್ನೇ ವಿದ್ಯೆ ಅಂದ್ಕೊಂಡೆ."

ಯಾವಾಗಿನಿಂದ ಎಂದು ಇಬ್ಬರೂ ಲೆಕ್ಕ ಹಾಕಿದರು. ಅವನು ಮಣ್ಣು ಮೆತ್ತಿಕೊಂಡು ಬಂದ ದಿನವನ್ನು ಚಿಪ್ಪಕ್ಕ ನೆನೆದಳು. ಅಂದೇ ತಾವು ಮಕ್ಕಳನ್ನು ಅಡಗುವ ಅಭ್ಯಾಸಕ್ಕೆಂದು ಒಣಹಳ್ಳಕ್ಕೆ ಕಳಿಸಿದ್ದನ್ನು ಮೇಷ್ಟ್ರು ನೆನೆದರು. ದುಂಡ ಎಲ್ಲರಿಗಿಂತ ತಡವಾಗಿ ಹಿಂದಿರುಗಿದಾಗ, ಅಷ್ಟು ಹೊತ್ತು ಉಂಡೆಯಾಗಿದ್ದನೆಂದು ಶಹಭಾಷ್ ಎಂದದ್ದೂ ಅವರಿಗೆ ನೆನಪಾಯಿತು. ಒಬ್ಬರು ಬೈದಿದ್ದರು, ಒಬ್ಬರು ಹೊಗಳಿದ್ದರು. ಏನಾಯಿತು ಎಂದು ಇಬ್ಬರೂ ಕೇಳಿರಲಿಲ್ಲ.

ಚಿಪ್ಪಕ್ಕ ಮಗನನ್ನು ಎಳೆಯಲು ಹೋಗಲಿಲ್ಲ. ಹಸುಗೂಸಾಗಿದ್ದಾಗ ಮಾಡುತ್ತಿದ್ದಂತೆ ಅವನ ಸುತ್ತ ತನ್ನ ಮೈ ಸುತ್ತಿ ಮಲಗಿದಳು, ತಲೆಯೊಂದನ್ನು ಮಾತ್ರ ಹೊರಗಿಟ್ಟುಕೊಂಡು. ಮೇಷ್ಟ್ರು ಪಕ್ಕದಲ್ಲಿ ಕುಳಿತರು. ನಾವಿಬ್ಬರೂ ಇಲ್ಲೇ ಇದ್ದೇವೆ ಎಂದು ಆಗಾಗ ಹೇಳುತ್ತಿದ್ದರು, ಅಷ್ಟೇ.

ಬಹಳ ಹೊತ್ತಿನ ಮೇಲೆ ಉಂಡೆಯೊಳಗಿನಿಂದ ಸಣ್ಣ ದನಿ ಬಂತು. "ಅದು ಹೋಯ್ತಾ?"

"ಯಾವುದು ಮಗಾ?"

"ಚಿರತೆ. ಹಳ್ಳದಲ್ಲಿ ನನ್ನ ಉರುಳಿಸಿ ಉರುಳಿಸಿ ಆಡಿಸ್ತು. ಅಪಾಯ ಹೋಗೋ ತನಕ ಬಿಚ್ಚಬೇಡಿ ಅಂದಿದ್ರು ಮೇಷ್ಟ್ರು. ಹೋಯ್ತು ಅಂತ ಯಾರೂ ಹೇಳಲೇ ಇಲ್ಲ."

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. "ಹೋಯ್ತು ಮರಿ. ಅವತ್ತೇ ಹೋಯ್ತು. ಹೇಳಬೇಕಾದವನು ನಾನು, ಹೇಳಲಿಲ್ಲ."

"ನಾನೂ ಕೇಳಲಿಲ್ಲ ಕಂದ," ಎಂದಳು ಚಿಪ್ಪಕ್ಕ.

ಬಾಲ ಸ್ವಲ್ಪ ಸಡಿಲವಾಯಿತು. ಮೂಗಿನ ತುದಿ ಹೊರಗೆ ಬಂದು ಅಮ್ಮನ ವಾಸನೆ ನೋಡಿತು. ಆ ಮೂಗನ್ನು ಕಂಡು ಚಿಪ್ಪಕ್ಕನಿಗೆ ಹೋದ ಜೀವ ಬಂದಂತಾಯಿತು.

ಹಾಗೆಂದು ಭಯ ಒಂದೇ ದಿನಕ್ಕೆ ಬಿಟ್ಟುಹೋಗಲಿಲ್ಲ. ಒಣಗಿದೆಲೆ ಸದ್ದಾದರೂ ದುಂಡ ಉಂಡೆಯಾಗುತ್ತಿದ್ದ. ಆದರೆ ಹಳೆಯ ಕಟ್ಟಳೆ ಮುರಿದುಬಿದ್ದಿತ್ತು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅವನ ಜೊತೆ ಮುತ್ತುಗದ ಮರದ ತನಕ ನಡೆದು ಬರುತ್ತಿದ್ದರು. ಆಮೆಯ ನಡಿಗೆ, ಕೇಳಬೇಕೆ? ಅಲ್ಲಿಗೆ ಮುಟ್ಟುವಷ್ಟರಲ್ಲಿ ದುಂಡ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿ ಮುಗಿಸುತ್ತಿದ್ದ. ಮರದಡಿ ಕಾಯುತ್ತಿದ್ದ ಚಿಪ್ಪಕ್ಕ ಮನೆಯಲ್ಲಿ ಕಂಡದ್ದನ್ನು ಹೇಳುವಳು, ಮೇಷ್ಟ್ರು ಶಾಲೆಯಲ್ಲಿ ಕಂಡದ್ದನ್ನು ಹೇಳುವರು. ಶಾಲೆಯಲ್ಲೂ ಹೊಸ ಪಾಠ ಸೇರಿತು. ಒಬ್ಬರು ಮುದುಡಿದರೆ ಇನ್ನೊಬ್ಬರು ಪಕ್ಕದಲ್ಲಿ ಕಾದಿದ್ದು, ಅಪಾಯ ಹೋಯಿತೆಂದು ಹೇಳಬೇಕು.

ಒಂದು ಸಂಜೆ ಮುತ್ತುಗದ ಮರದ ಹತ್ತಿರ ಪೊದೆ ಸರಕ್ಕೆಂದಿತು. ದುಂಡ ಉಂಡೆಯಾದ.

"ಹೋಯ್ತಾ?" ಎಂದ ಒಳಗಿನಿಂದ.

"ಹೋಯ್ತು," ಎಂದರು ಅಮ್ಮ ಮತ್ತು ಮೇಷ್ಟ್ರು, ಒಂದೇ ಉಸಿರಿಗೆ.

ದುಂಡ ಆಗಲೇ ಬಿಚ್ಚಿಕೊಂಡು ಎದ್ದು ನಿಂತ. "ಅಮ್ಮಾ, ಹಸಿವು," ಎಂದ.

ಮನೆ ಪಕ್ಕದ ಹುತ್ತದ ಗೆದ್ದಲುಗಳಿಗೆ ಅಂದು ಗ್ರಹಚಾರ ಕೆಟ್ಟಿತ್ತು. ಮರುದಿನ ಮೊಲ ಸಿಕ್ಕಾಗ ಚಿಪ್ಪಕ್ಕ ಬಿಡಲಿಲ್ಲ, ನಿಲ್ಲಿಸಿಕೊಂಡಳು. ಬಹುಮಾನದ ಸುದ್ದಿ ಎತ್ತಲೇ ಇಲ್ಲ. "ನನ್ನ ಮಗ ನಿನ್ನೆ ಹೊಟ್ಟೆ ತುಂಬಾ ಉಂಡ," ಎಂದಳು.

ನೀತಿ: ಮುದುಡಿದ ಮಗುವಿಗೆ ಅಪಾಯ ಹೋದದ್ದು ಕಾಣುವುದಿಲ್ಲ, ಮನೆಯವರೂ ಮೇಷ್ಟ್ರೂ ತಾವು ಕಂಡದ್ದನ್ನು ಮುಚ್ಚಿಡದೆ ಹೇಳಿಕೊಂಡರೆ ಮಾತ್ರ ಅದಕ್ಕೆ ಹೊರಬರುವ ದಾರಿ ಸಿಗುತ್ತದೆ.