ನೀರುಕಾಗೆಯ ಎಣ್ಣೆ ಇಳಿಸಿದ ದುಗ್ಗಜ್ಜಿ

ಭೂಮಿಯ ಹಸಿ ಇನ್ನೂ ಆರಿರದ ಕಾಲ. ಆಗಷ್ಟೇ ಹುಟ್ಟಿದ ಒಂದು ಪಟ್ಟಣ, ಅದಕ್ಕೊಂದು ಹೊಚ್ಚ ಹೊಸ ಕೆರೆ. ಮೊದಲ ಮಳೆಗೇ ಕೆರೆ ತುಂಬಿತು. ಏರಿಗೆ ಮಣ್ಣು ಹೊತ್ತಿದ್ದ ದುಗ್ಗಜ್ಜಿಗೆ ಹಿಗ್ಗೋ ಹಿಗ್ಗು. "ನನ್ನ ಮೊಮ್ಮಕ್ಕಳು ಇಲ್ಲೇ ಆಡ್ತಾವೆ," ಎಂದು ಎದುರಾದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಅಷ್ಟರಲ್ಲಿ ಗಾಳಿ ಓಡಿ ಬಂತು. "ಅಜ್ಜೀ, ಅಜ್ಜೀ! ಏರಿಯ ಬುಡದಲ್ಲಿ ಏಡಿ ಬಿಲ ತೋಡಿದೆ. ನೀರು ಸೋರ್ತಿದೆ. ಹೀಗೇ ಬಿಟ್ಟರೆ ಸಂಜೆಯೊಳಗೆ ಏರಿ ಒಡೆಯುತ್ತೆ!"

ಅಜ್ಜಿ ಏರಿಯ ಕಡೆ ಓಡಿದಳು. ಬಿಲವಿದ್ದದ್ದು ನೀರಿನ ತಳದಲ್ಲಿ. ಮನುಷ್ಯರಿಗೆ ಆಗಿನ್ನೂ ಈಜು ಬರುತ್ತಿರಲಿಲ್ಲ. ಬಿಲಕ್ಕೆ ಮಣ್ಣು ಮೆತ್ತಿ ಬನ್ನಿ ಎಂದು ಅವಳು ಮೀನುಗಳನ್ನು ಕೇಳಿದಳು. "ದಡಕ್ಕೆ ಬಂದು ಮಣ್ಣು ತರೋಕೆ ನಮಗೆ ಕಾಲಿದೆಯೇನಜ್ಜಿ?" ಎಂದವು. ಬಾತುಕೋಳಿಯನ್ನು ಕೇಳಿದಳು. "ನನ್ನ ಗರಿ ನೆನೆಯಲ್ಲ, ನಾನು ಮುಳುಗಲ್ಲ," ಎಂದು ಅದು ತೇಲಿಕೊಂಡು ಹೋಯಿತು.

"ನಾನು ಹೋಗ್ತೀನಜ್ಜಿ," ಎಂದಿತು ನೀರುಕಾಗೆ. ಜೇಡಿಮಣ್ಣಿನ ಉಂಡೆ ಕಚ್ಚಿಕೊಂಡು ಮುಳುಗಿತು. ಪುಳಕ್ಕನೆ ಮೇಲೆ ಬಂತು. ಮತ್ತೆ ಮುಳುಗಿತು, ಮತ್ತೆ ಪುಳಕ್ಕನೆ ಮೇಲೆ ಬಂತು. ಆಗ ನೀರುಹಕ್ಕಿಗಳೆಲ್ಲದರ ಗರಿಗೂ ಎಣ್ಣೆಯಿತ್ತು. ನೀರುಕಾಗೆಯ ಮೈಯಲ್ಲಂತೂ ಎಣ್ಣೆಸ್ನಾನಕ್ಕೆ ಕೂತವರಷ್ಟು! ಎಣ್ಣೆ ಎಲ್ಲಾದರೂ ಮುಳುಗೀತೇ?

"ಎಣ್ಣೆ ಇಳಿಸಬೇಕು ತಾನೆ? ಬಾ ಇಲ್ಲಿ," ಎಂದಳು ಅಜ್ಜಿ. ಮೊಮ್ಮಕ್ಕಳಿಗೆ ತಲೆಗೆರೆಯಲೆಂದು ಸೀಗೆಪುಡಿ ಕುಟ್ಟಿಟ್ಟಿದ್ದಳು. ಹಿಡಿ ತುಂಬ ತೆಗೆದುಕೊಂಡವಳು ಹಾಗೇ ನಿಂತಳು. "ಆದರೆ ಮಗಾ, ಸೀಗೆ ಹಾಕಿ ತಿಕ್ಕಿದರೆ ಈ ಎಣ್ಣೆ ಮತ್ತೆ ಬರಲ್ಲ. ನೀರಿಗಿಳಿದಾಗಲೆಲ್ಲ ಒದ್ದೆಮುದ್ದೆ ಆಗ್ತೀಯ."

ನೀರುಕಾಗೆ ಕೆರೆಯ ಕಡೆ ನೋಡಿತು. "ನಾನು ಒದ್ದೆಯಾದರೆ ಒಣಗಿಸಿಕೊಳ್ತೀನಿ. ಕೆರೆಯೇ ಒಣಗಿದರೆ ಏನು ಮಾಡೋಣ?"

ಅಜ್ಜಿ ಕಣ್ಣೊರೆಸಿಕೊಂಡು ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಅಷ್ಟು ಧೈರ್ಯದ ಹಕ್ಕಿಯೂ "ಕಣ್ಣುರಿ, ಕಣ್ಣುರಿ!" ಎಂದು ಚಿಕ್ಕ ಮಕ್ಕಳ ಹಾಗೇ ಕೂಗಿತು.

ಈ ಸಲ ಮುಳುಗಿದ ನೀರುಕಾಗೆ ತಟ್ಟನೆ ಮೇಲೆ ಬರಲಿಲ್ಲ. ಅಜ್ಜಿ ಇನ್ನೊಂದು ಉಂಡೆ ಕಟ್ಟಿಕೊಂಡು ಕಾದಳು. ಬಂತು, ಮಣ್ಣು ಕಚ್ಚಿತು, ಮತ್ತೆ ಹೋಯಿತು. ಉಂಡೆಯ ಮೇಲೆ ಉಂಡೆ ಮೆತ್ತಿ ಮೆತ್ತಿ ಬಿಲ ಮುಚ್ಚಿಯೇಬಿಟ್ಟಿತು. ಸೋರುವುದು ನಿಂತಿತು. ಇಂಥ ಹಕ್ಕಿಯನ್ನು ಎಷ್ಟು ಹೊಗಳಿದರೂ ಸಾಲದು!

ದಡ ಹತ್ತಿದಾಗ ಅದು ಗಡಗಡ ನಡುಗುತ್ತಿತ್ತು. ಹಾರಲು ಹೋದರೆ ರೆಕ್ಕೆ ಭಾರ. ಅಜ್ಜಿ ಅದನ್ನು ಬಂಡೆಯ ಮೇಲೆ ಕೂರಿಸಿ, ಒಗೆದ ಸೀರೆ ಹರವುವ ಹಾಗೆ ಎರಡೂ ರೆಕ್ಕೆ ಬಿಡಿಸಿದಳು. "ಗಾಳಿಯಪ್ಪಾ, ಮೆಲ್ಲಗೆ ಬೀಸು. ನಮ್ಮ ಕೆರೆ ಉಳಿಸಿದ ಕೂಸು ಇದು."

ಪಟ್ಟಣ ಬೆಳೆದು ದೊಡ್ಡ ನಗರವಾಯಿತು. ನೀರುಕಾಗೆಯ ಗರಿಗೆ ಎಣ್ಣೆ ಮತ್ತೆ ಬರಲೇ ಇಲ್ಲ. ಅದಕ್ಕೇ ಮಕ್ಕಳೇ, ಭಾನುವಾರ ನೀವು ಆ ಕೆರೆಯಲ್ಲಿ ಪೆಡಲ್ ದೋಣಿ ತುಳಿಯುವಾಗ, ಏರಿಯ ಮೇಲೆ ಸೈಕಲ್ ಬಿಡುವಾಗ, ಬಾತುಕೋಳಿ ಒಣ ಗರಿಯಲ್ಲಿ ಹಾಯಾಗಿ ತೇಲುತ್ತಿದ್ದರೆ, ನೀರುಕಾಗೆ ಮಾತ್ರ ಬಂಡೆಯ ಮೇಲೆ ರೆಕ್ಕೆ ಹರವಿ ನಿಂತು ಇಂದಿಗೂ ಮೈ ಒಣಗಿಸಿಕೊಳ್ಳುತ್ತಿರುತ್ತದೆ.